ನೀರು ಬರದ ಪೈಪು

ಅಪ್ಪನನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು ವಠಾರದ ಅಂಗಳ ದಾಟುವಾಗ ಸುಂದರೇಶ ಹೊಸ ಮನೆಯ ನಲ್ಲಿ ಕೆಲಸವನ್ನು ಯಾರಿಗೆ ಕೊಡುವುದು ಎಂದು ಯೋಚಿಸುತ್ತಿದ್ದ. ಆ ಹೊತ್ತಿನಲ್ಲಿ ಏನನ್ನಾದರೂ ಯೋಚಿಸುತ್ತಿರಲೇಬೇಕಾಗಿತ್ತು. ಇಲ್ಲದಿದ್ದರೆ ತೋಳಿನ ಮೇಲಿನ ಭಾರ ಅರಿವಿಗೆ ಬರುತ್ತಿತ್ತು. ಭಾರಕ್ಕಿಂತ ಹೆಚ್ಚಾಗಿ, ಆ ಭಾರ ಬರಬರುತ್ತಾ ಕಡಿಮೆಯಾಗುತ್ತಿದೆ ಎನ್ನುವುದು ಅರಿವಿಗೆ ಬರುತ್ತಿತ್ತು. ಅಪ್ಪ ತಮ್ಮ ತಲೆ ಮಗನ ಭುಜಕ್ಕೆ ತಾಗಬಾರದೆಂದು ಕತ್ತನ್ನು ಬಿಗಿ ಹಿಡಿದು ಆಚೆ ತಿರುಗಿಸಿಕೊಂಡಿರುತ್ತಿದ್ದರು. ಇಬ್ಬರೂ ಬಾಗಿಲಿಗೆ ಬಂದದ್ದು ಕಂಡರೆ ಸಾಕು, ವಠಾರದ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಎದುರು ಮನೆಯ ಅಂಬುಜಮ್ಮ ರಂಗೋಲಿಯ ಗೆರೆಯನ್ನು ಅರ್ಧಕ್ಕೇ ಬಿಟ್ಟು ಬಟ್ಟಲು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಬಾವಿಯ ಹತ್ತಿರ ಯಾರಾದರೂ ಇದ್ದರೆ ಗೋಡೆಯ ಕಡೆ ತಿರುಗಿ ಕೊಡ ತೊಳೆಯುತ್ತಿದ್ದರು. ಹಿರಿಯರು, ನೋಡಬಾರದು ಎನ್ನುವ ಮರ್ಯಾದೆ. ಅಪ್ಪನಿಗೆ ಲಕ್ವ ಹೊಡೆದ ಹೊಸದರಲ್ಲಿ ಸುಂದರೇಶನಿಗೆ ಇದು ಎಷ್ಟು ಒಳ್ಳೆಯ ಜನ ಅನ್ನಿಸಿ ಕಣ್ಣು ತುಂಬಿದ್ದೂ ಉಂಟು. ಈಗ ಆ ಬಾಗಿಲುಗಳ ಸದ್ದಿಗೇ ತೋಳಿನಲ್ಲಿರುವ ಮೈ ಮರಗಟ್ಟುವುದು ಗೊತ್ತಾಗುತ್ತಿತ್ತು. ಯಾರಾದರೂ ಒಬ್ಬರು ಕಿಟಕಿಯಲ್ಲಿ ನಿಂತು ಧಾರಾಳವಾಗಿ ನೋಡಬಾರದೆ, ನೋಡಿ 'ಏನು ರಾಯರೇ, ಚಳಿ ಜಾಸ್ತಿಯಾಯಿತಲ್ಲ' ಎಂದು ಕೇಳಬಾರದೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಅಂಗಳದ ಕೊನೆಯಲ್ಲಿ ಕಕ್ಕಸು. ಒಬ್ಬರಿಗಾಗಿ ಕಟ್ಟಿದ್ದು, ಇಬ್ಬರು ನಿಂತರೆ ಬಾಗಿಲು ಮುಚ್ಚುವುದಿಲ್ಲ. ಅಪ್ಪನ ಕಂಕುಳಿಗೆ ಕೈಕೊಟ್ಟು ಹಿಡಿದುಕೊಂಡು ಸುಂದರೇಶ ಮುಖವನ್ನು ಗೋಡೆಗೆ ಮಾಡಿಕೊಂಡು ನಿಲ್ಲುತ್ತಿದ್ದ. ಆ ಗೋಡೆಯ ಪ್ರತಿಯೊಂದು ಬಿರುಕೂ ಅವನಿಗೆ ಪರಿಚಯ. ತೆರೆದೇ ಇರುವ ಬಾಗಿಲಿನ ಒಳಗಡೆ ಒಂದು ಚಿಲಕ ಇತ್ತು, ಅಪ್ಪನ ಪಾಲಿಗೆ ಅದು ಇದ್ದೂ ಇಲ್ಲದಂತೆ. ನಲ್ಲಿ ಕೆಲಸವನ್ನು ಶಾಮಣ್ಣನಿಗೆ ಕೊಟ್ಟರೆ ಇದೇ ಇನ್ನೊಂದು ಸಲ, ಸರಸ್ವತಿಪುರಂನ ಹೊಸ ಮನೆಯ ಹಿತ್ತಿಲಲ್ಲಿ, ಸಿಮೆಂಟು ಹಾಕಿ. ರುದ್ರಸ್ವಾಮಿಗೆ ಕೊಟ್ಟರೆ ಮನೆಯ ಒಳಗೆ. ಅಷ್ಟೇ ವ್ಯತ್ಯಾಸ. ಇಷ್ಟನ್ನು ತೀರ್ಮಾನ ಮಾಡಲಾರದೆ ಅವನು ಒಂದು ಬೇಸಗೆಯನ್ನೇ ಕಳೆದಿದ್ದ. ಗೋಡೆ ಎದ್ದು ನಿಂತಿತ್ತು. ಪೈಪು ಹಾಕದೆ ಗಾರೆಯವರು ಮುಂದೆ ಕೆಲಸ ಮಾಡುವಂತಿರಲಿಲ್ಲ.

ಅಪ್ಪ, ವೆಂಕಟಸುಬ್ಬಯ್ಯನವರು, ಅರಮನೆಯ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತಲೆಗೆ ರುಮಾಲಿಲ್ಲದೆ ಅವರನ್ನು ನೋಡಿದವರು ಅಗ್ರಹಾರದಲ್ಲಿ ಕಡಿಮೆ. ತರಕಾರಿ ತರುವುದಕ್ಕೂ ಗುಂಡಿ ಹಾಕಿದ ಕೋಟು. ಅಮ್ಮ ಇದ್ದಾಗ ತಮಾಷೆಗೆ, 'ನಿಮ್ಮಪ್ಪ ಮಲಗೋವಾಗ ರುಮಾಲು ತೆಗೆದಿಡ್ತಾರಲ್ಲ, ಅದೇ ನನ್ನ ಪುಣ್ಯ ಕಣೋ' ಎನ್ನುತ್ತಿದ್ದಳು. ಅವರು ಸ್ನಾನಕ್ಕೆ ಹೋದದ್ದು ಮನೆಯಲ್ಲಿ ತಿಳಿಯುತ್ತಿತ್ತೇ ಹೊರತು ಹಿತ್ತಿಲಿಗೆ ಹೋದದ್ದು ತಿಳಿಯುತ್ತಿರಲಿಲ್ಲ. ಊರಿಗೆಲ್ಲ ಇರುವ ಹೊಟ್ಟೆ ಕರುಳು ಅವರಿಗೂ ಇದೆ ಎನ್ನುವುದನ್ನು ಅವರು ಎಪ್ಪತ್ತು ವರ್ಷ ಗುಟ್ಟಾಗಿ ಕಾಪಾಡಿಕೊಂಡು ಬಂದಿದ್ದರು. ಈಗ ಎಡಗೈ ಎಡಗಾಲು ಬಿದ್ದುಹೋದ ಮೇಲೆ ಆ ಗುಟ್ಟು ಮಗನ ತೋಳಿಗೆ ಬಂದಿತ್ತು. ಅಂದಿನಿಂದ ಅಪ್ಪ ಅವನ ಮುಖ ನೋಡಿ ಮಾತಾಡುವುದನ್ನು ಬಿಟ್ಟರು. ಹೇಳಬೇಕಾದ್ದನ್ನು ಸೊಸೆಗೆ ಹೇಳುತ್ತಿದ್ದರು. 'ಶಾರದ, ಕಿಟಕಿ ಹಾಕು ಅಂತ ಅವನಿಗೆ ಹೇಳಮ್ಮ.' ಕಿಟಕಿಯ ಹತ್ತಿರವೇ ನಿಂತಿರುತ್ತಿದ್ದ ಅವನು ಶಾರದ ಹೇಳುವವರೆಗೂ ಕಾದು ಹಾಕುತ್ತಿದ್ದ. ಕೋಪ ಎಂದುಕೊಂಡಿದ್ದ. ಸಂಧ್ಯಾವಂದನೆ ಬಿಟ್ಟದ್ದಕ್ಕೋ, ಅಗ್ರಹಾರ ಬಿಟ್ಟು ಹೊಸ ಬಡಾವಣೆಯಲ್ಲಿ ಸೈಟು ಹಿಡಿದದ್ದಕ್ಕೋ, ರೈಲ್ವೆ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗುವುದರೊಳಗೆ ತಲೆ ನೆರೆತದ್ದಕ್ಕೋ. ಮಗನ ಮೇಲೆ ಕೋಪ ಮಾಡಿಕೊಳ್ಳುವುದಕ್ಕೆ ಕಾರಣಗಳೇನು ಕಡಿಮೆಯೇ? ಆಫೀಸಿನಲ್ಲಿ ಕೂತು ಒಂದೊಂದನ್ನೇ ತೆಗೆದು ನೋಡಿ, ಎಲ್ಲದರಲ್ಲೂ ತನ್ನದೇ ತಪ್ಪು ಕಂಡು, ಒಂದು ಬಗೆಯ ಸಮಾಧಾನವನ್ನೂ ಪಡುತ್ತಿದ್ದ.

ಶಾಮಣ್ಣ ಅಪ್ಪನ ಕಡೆಯ ಕಂಟ್ರಾಕ್ಟರು. ಅವನು ಬಡಹುಡುಗನಾಗಿ ಮೈಸೂರಿಗೆ ಬಂದಾಗ ವಾರಾನ್ನ ಹಾಕಿಸಿ, ದೊಡ್ಡವರಿಗೆ ಹೇಳಿ ಮೊದಲನೆಯ ಪೈಪಿನ ಕೆಲಸ ಕೊಡಿಸಿದವರು ಅಪ್ಪ. ಈಗ ಶಾಮಣ್ಣನಿಗೂ ಹಲ್ಲು ಉದುರಿದೆ, ಆದರೂ ಬಂದಾಗೆಲ್ಲ ಕಾಲಿಗೆ ಬಿದ್ದು, ನೆಲದ ಮೇಲೇ ಕೂರುತ್ತಾನೆ. ಯುಗಾದಿಯ ಮಾರನೆಯ ದಿನ ಬಂದು ಕಾಫಿ ಲೋಟ ಕೈಯಲ್ಲಿ ಹಿಡಿದು, 'ಮೂಲೇಲಿ, ಆ ಹೊಂಗೆ ಮರದ ಹತ್ತಿರ ಮಾಡ್ಬಿಡೋಣ ಯಜಮಾನ್ರೇ. ದೇವರ ಮನೆಗೂ ಅದಕ್ಕೂ ನಡುವೆ ಇಡೀ ಹಿತ್ತಿಲು ಇರುತ್ತೆ. ಈಗಿನೋರು ಮನೆ ಒಳಗೇ ಮಾಡ್ಕೋತಾರೆ, ನಾನು ಅಂಥ ಕೆಲಸ ಒಪ್ಪೋದೇ ಇಲ್ಲ. ನಿಮ್ಮ ಮನೆ ಅಂದ್ರೆ ಕೇಳ್ಬೇಕೆ?' ಎಂದ. ಅಪ್ಪ ಸೂರಿನ ಕಡೆ ನೋಡುತ್ತಾ ಮಲಗಿದ್ದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಶಾಮಣ್ಣ ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡು ಹೊರಟ. ಅಪ್ಪನ ಬಾಯಿಂದ ಬರದೆ ಅವನು ಒಂದು ಅಡಿ ಪೈಪನ್ನೂ ಆಚೀಚೆ ಮಾಡುವವನಲ್ಲ. ಅಪ್ಪನ ಹತ್ತಿರ ಆ ಮಾತು ಎತ್ತುವವರು ಮನೆಯಲ್ಲಿ ಯಾರೂ ಇಲ್ಲ.

'ನೀವೇ ಕೇಳಿ' ಎಂದಿದ್ದಳು ಶಾರದ. 'ಒಳಗಡೆ ಆದ್ರೆ ಹೇಗಿರತ್ತೆ ಅಂತ ಒಂದು ಮಾತು ಕೇಳಿದ್ರೆ ಏನ್ರೀ? ನಿಮ್ಮ ಸೊಂಟ ನೋಡಿ, ಈಗಲೇ ಬಗ್ಗಿದ್ರೆ ಏಳಕ್ಕಾಗಲ್ಲ.'

'ನಿನ್ನ ಹತ್ತಿರ ಮಾತಾಡ್ತಾರೆ. ನೀನೇ ಕೇಳು.'

'ಮಾವನವರ ಹತ್ತಿರ ನಾನು ಕಕ್ಕಸಿನ ಮಾತು ಆಡ್ಲಾ?' ಎಂದು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ.

ರುದ್ರಸ್ವಾಮಿಗೆ ಆ ಮಾತು ಆಡಲು ಯಾವ ಕಷ್ಟವೂ ಇರಲಿಲ್ಲ. ಬೋಗಾದಿಯ ಕಡೆಯ ಲಿಂಗಾಯಿತರವನು, ಮೂವತ್ತೈದರ ಆಸುಪಾಸು, ದೊಡ್ಡ ಭುಜ, ದೊಡ್ಡ ಗಂಟಲು. ಹೊಸ ಮನೆಯ ಬೀದಿಯ ಬೇರೆ ಮನೆಗಳಲ್ಲೂ ನಲ್ಲಿಯದು ಅವನದೇ ಕೆಲಸ. ತನ್ನನ್ನು ತಾನು ಹೊಗಳಿಕೊಳ್ಳುವುದರಲ್ಲಿ ಸಂಕೋಚವಿಲ್ಲ, ಹೇಳಿದ ಹೊತ್ತಿಗೆ ಬರುವ ಅಭ್ಯಾಸವಿಲ್ಲ, ಎಲೆ ಅಡಿಕೆ ಉಗುಳುವುದಕ್ಕೆ ಅಂಥದೇ ಜಾಗ ಎಂದೂ ಇಲ್ಲ. ಮೊದಲ ಸಲ ಸೈಟಿಗೆ ಬಂದವನು ಪಾಯದ ಮೇಲೆ ದಡಬಡ ನಡೆದಾಡಿ, 'ನಿಮ್ಮಪ್ಪಾರ ರೂಮು ಇದಾ? ಅಂಗಾದ್ರೆ ಇದ್ರ ಪಕ್ಕಕ್ಕೇ ಅಂಟಿಸ್ಬುಡಣ ಸಾರ್ ಕಕ್ಕಸ್ನ. ರಾತ್ರಿ ಹೊತ್ತು ಎದ್ರೆ ಎಲ್ಲೋಗ್ತಾರೆ ಪಾಪ, ಮಳೇಲಿ?' ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ್ದ. ಸುಂದರೇಶನಿಗೆ ಆ ಕ್ಷಣ ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಮರುಕ್ಷಣವೇ, ಪಕ್ಕದ ಸೈಟಿನವರು ಕೇಳಿಸಿಕೊಂಡರೇನೋ ಎಂದು ತಿರುಗಿ ನೋಡಿದ.

ಈಗ, ಅಪ್ಪನನ್ನು ಎತ್ತಿಕೊಂಡು ಮುಚ್ಚಿದ ಬಾಗಿಲುಗಳ ನಡುವೆ ವಾಪಸು ಬರುತ್ತಾ, ಅವನು ಇಂದು ರುದ್ರಸ್ವಾಮಿಗೆ ಹೂಂ ಎಂದುಬಿಡುವುದು ಎಂದು ನಿಶ್ಚಯಿಸಿದ. ಇಂದು ಭಾನುವಾರ, ಸೈಟಿನ ಹತ್ತಿರ ಬಾ ಎಂದು ಅವನಿಗೆ ಹೇಳಿಯೂ ಆಗಿತ್ತು. ಆಮೇಲೆ ಆದದ್ದಾಗಲಿ, ಕಟ್ಟಿ ಮುಗಿದ ಮೇಲೆ ಅಪ್ಪ ಏನು ಗೋಡೆ ಒಡೆಸುತ್ತಾರೆಯೇ? ಈ ಧೈರ್ಯದಲ್ಲಿ ಅವನು ಅಪ್ಪನನ್ನು ಮಂಚದ ಮೇಲೆ ಇಳಿಸಿ, ಪಂಚೆ ಸರಿಮಾಡಿ ನೆಟ್ಟಗಾದಾಗ, ಅಪ್ಪ ಬಾಗಿಲಲ್ಲಿ ನಿಂತಿದ್ದ ಶಾರದೆಗೆ ಹೇಳಿದರು: 'ಇವತ್ತು ನಾನು ಮನೆ ನೋಡಬೇಕು. ಜಟಕಾ ತರಬೇಕು ಅಂತ ಅವನಿಗೆ ಹೇಳಮ್ಮ. ಶಾಮಣ್ಣನಿಗೂ ಬರಕ್ಕೆ ಹೇಳಿಕಳಿಸಿದೀನಿ.'

ಕೋಟಿನ ಎಡತೋಳು ಹಾಕುವುದು ಒಂದು ಸಾಹಸವೇ ಆಯಿತು. ರುಮಾಲನ್ನು ಶಾರದ ಸುತ್ತಿಕೊಟ್ಟಳು. ಅಪ್ಪ ಕನ್ನಡಿ ಕೇಳಿ, ಬಲಗೈಯಿಂದ ಎರಡು ಸಲ ಸರಿಮಾಡಿಕೊಂಡರು. ಬೆರಳಿನಲ್ಲಿ ಅರಮನೆಯ ಕಾಲದ ಬೆಳ್ಳಿಯ ಉಂಗುರ ಸಡಿಲವಾಗಿತ್ತು. ಜಟಕಾದಲ್ಲಿ ಕೂರಿಸಿದ ಮೇಲೆ ಅವರು ಹಳೆಯ ವೆಂಕಟಸುಬ್ಬಯ್ಯನವರೇ ಆದರು. ಲಕ್ಷ್ಮೀಪುರಂ ದಾಟುವಾಗ ಯಾರೋ ಕೈ ಮುಗಿದರು, ಅಪ್ಪ ತಲೆ ಬಾಗಿಸಿದರು. ಪಕ್ಕದಲ್ಲಿ ಅವರನ್ನು ಆತುಕೊಂಡು ಕೂತಿದ್ದ ಸುಂದರೇಶನಿಗೆ ಚಿಕ್ಕವನಿದ್ದಾಗ ಇವರ ಪಕ್ಕದಲ್ಲಿ ಹೀಗೇ ಕೂತು ದಸರಾ ದೀಪ ನೋಡಲು ಹೋಗಿದ್ದು ನೆನಪಾಯಿತು. ಅಂದು ಅಪ್ಪನ ಕೋಟಿನಿಂದ ಬಂದ ಕರ್ಪೂರದ ವಾಸನೆಯೇ ಇಂದೂ ಬರುತ್ತಿತ್ತು. ಜೊತೆಗೆ ಇನ್ನೊಂದು ವಾಸನೆ, ಕಾಯಿಲೆಯದು, ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚಾಮರಾಜಪುರಂ ರೈಲ್ವೆ ಗೇಟು ಹಾಕಿತ್ತು. ಚಾಮರಾಜನಗರದ ಗಾಡಿ ತಡ. ಕುದುರೆ ಕಾಲು ಬದಲಿಸುತ್ತಾ ನಿಂತಿತು. ಅಪ್ಪ ಎರಡು ಸಲ ಹಳಿಯ ಕಡೆ ನೋಡಿದರು, ತುಟಿ ಕಚ್ಚಿಕೊಂಡರು. ಅವನಿಗೆ ಆಗಲೇ ಗೊತ್ತಾಗಬೇಕಿತ್ತು. ಗೊತ್ತಾಗಿತ್ತು ಕೂಡ, ಆದರೆ ಕೇಳುವುದು ಹೇಗೆ, ಶಾರದ ಜೊತೆಯಲ್ಲಿ ಇರಲಿಲ್ಲವಲ್ಲ.

ಸೈಟಿನಲ್ಲಿ ಶಾಮಣ್ಣ ಆಗಲೇ ಬಂದು ಎದುರು ಮನೆಯಿಂದ ಒಂದು ಕುರ್ಚಿ ತಂದು, ಅಂಗವಸ್ತ್ರದಿಂದ ಒರೆಸಿ ಇಟ್ಟಿದ್ದ. ರುದ್ರಸ್ವಾಮಿ ಸಾರುವೆ ಕಂಬಕ್ಕೆ ಸೈಕಲ್ ಒರಗಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಸೂರಿಲ್ಲದ ಮನೆಯ ನಡುವೆ, ಕುಕ್ಕರಹಳ್ಳಿ ಕೆರೆಯ ಕಡೆಯ ಗಾಳಿಯಲ್ಲಿ, ಅಪ್ಪ ಕುರ್ಚಿಯ ಮೇಲೆ ಕೂತರು. ಇದು ನಡುಮನೆ, ಇದು ದೇವರ ಮನೆ, ಇದು ನಿಮ್ಮ ಕೋಣೆ ಎಂದು ಸುಂದರೇಶ ಗಾಳಿಗೆ ಹೇಳುವವನ ಹಾಗೆ ಹೇಳುತ್ತಾ ಹೋದ. ಶಾಮಣ್ಣ ಹಿತ್ತಿಲ ಕೊನೆಗೆ ಹೋಗಿ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಚೌಕ ಎಳೆದು, 'ಇಲ್ಲಿ ಯಜಮಾನ್ರೇ!' ಎಂದು ಕೂಗಿದ. ಕುರ್ಚಿಯಿಂದ ಅಷ್ಟು ದೂರದಲ್ಲಿ ಅವನು ಬಹಳ ಚಿಕ್ಕವನಾಗಿ ಕಂಡ.

'ಅಲ್ಲಿಗಂಟ ಎಂಗೋಗ್ತಾರೆ ಸ್ವಾಮಿ ಇವ್ರು? ಏನ್ ಬಸ್ ಬುಟ್ಟಿದ್ದೀರಾ?' ಎಂದ ರುದ್ರಸ್ವಾಮಿ.

'ಅದು ಮನೆಯವರಿಗೆ ಬಿಟ್ಟಿದ್ದು ಕಣಯ್ಯ. ನಡುವೆ ನೀನು ಯಾರು?' ಎಂದು ಶಾಮಣ್ಣ ಅಲ್ಲಿಂದಲೇ ಗದರಿದ.

ಇಬ್ಬರೂ ಸುಂದರೇಶನ ಕಡೆ ನೋಡಿದರು. ಈಗ ಹೇಳಬೇಕು. ರುದ್ರಸ್ವಾಮಿಯೇ ಮಾಡಲಿ, ಒಳಗೇ ಆಗಲಿ. ಬೆಳಿಗ್ಗೆಯಿಂದ ಸಿದ್ಧವಾಗಿದ್ದ ಆ ಮಾತು ನಾಲಗೆಯ ಮೇಲೆ ಬಂದು ಕೂತಿತು. ಆಗ ಅಪ್ಪ ಬಲಗೈಯನ್ನು ಕುರ್ಚಿಗೆ ಊರಿ ಏಳಲು ನೋಡಿದರು. ಏಳಲಾಗಲಿಲ್ಲ. ಮತ್ತೆ ನೋಡಿದರು. ರುಮಾಲು ಜಾರಿ ಇಟ್ಟಿಗೆ ಚೂರಿನ ಮೇಲೆ ಬಿತ್ತು. ಅವರ ಮುಖ ಎಂಥದಾಯಿತೆಂದರೆ, ಸುಂದರೇಶ ಏನು ನಡೆಯುತ್ತಿದೆ ಎಂದು ತಿಳಿದ ಮೇಲೂ ಹತ್ತಿರ ಹೋಗಲಿಲ್ಲ. ರುಮಾಲನ್ನು ಎತ್ತಿಕೊಂಡ. ಅದರ ಧೂಳು ಕೊಡವಿದ. ಬಿಳಿಯ ಪಂಚೆಯ ಮೇಲೆ ಕಲೆ ಹರಡಿ, ಕುರ್ಚಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಶಾಮಣ್ಣ ದೂರದಲ್ಲಿ ಬೆನ್ನು ತಿರುಗಿಸಿ ಹೊಂಗೆ ಮರವನ್ನು ಪರೀಕ್ಷಿಸುವವನಂತೆ ನಿಂತುಬಿಟ್ಟಿದ್ದ.

ರುದ್ರಸ್ವಾಮಿ ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದ. 'ಏನಿಲ್ಲ ಬುಡಿ ಯಜಮಾನ್ರೇ, ಮೈ ಅಂದ್ಮೇಲೆ ಎಲ್ಲಾ ಇರ್ತದೆ' ಎನ್ನುತ್ತಾ ಬಗ್ಗಿ, ಒಂದು ಕೈ ಬೆನ್ನಿಗೆ, ಒಂದು ಕೈ ಮೊಣಕಾಲಿಗೆ ಕೊಟ್ಟು ಸಲೀಸಾಗಿ ಎತ್ತಿಕೊಂಡ. ಅಪ್ಪನ ತಲೆ ಅವನ ಎದೆಗೆ ಒರಗಿತು. ಗಾರೆ ಕೆಲಸಕ್ಕೆಂದು ಕಟ್ಟಿದ್ದ ನೀರಿನ ತೊಟ್ಟಿಯ ಹತ್ತಿರ ಒಯ್ದು, ಪಂಚೆ ಬಿಚ್ಚಿ, ತಂಬಿಗೆಯಲ್ಲಿ ನೀರು ಮೊಗೆದು ಹುಯ್ದು ತೊಳೆಯತೊಡಗಿದ. 'ತಣ್ಣಗಾಯ್ತದಾ? ಆಯ್ತು, ಆಯ್ತು, ಇನ್ನೊಂದ್ ಚೂರು.' ಹಸುವಿನ ಮೈ ತೊಳೆಯುವಾಗಲೂ ಅವನು ಹೀಗೆಯೇ ಮಾತಾಡುತ್ತಿರಬೇಕು. ಬಟ್ಟಬಯಲಿನಲ್ಲಿ ಮೊಣಕಾಲ ಕೆಳಗೆ ಸೊರಗಿಹೋದ ಅಪ್ಪನ ಎಡಗಾಲು ಬೆಳ್ಳಗೆ ಹೊಳೆಯಿತು. ಸುಂದರೇಶ ರುಮಾಲು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ. ಅವನ ಕೆಲಸ ಅದೊಂದೇ ಎನ್ನುವ ಹಾಗೆ ಬಹಳ ಎಚ್ಚರಿಕೆಯಿಂದ ಹಿಡಿದುಕೊಂಡಿದ್ದ. ತೊಟ್ಟಿಯ ಪಕ್ಕದಲ್ಲಿ, ತಾತ್ಕಾಲಿಕ ನಲ್ಲಿಗಾಗಿ ನೆಲದಲ್ಲಿ ಹೂತಿದ್ದ ಒಂದು ಕಬ್ಬಿಣದ ಪೈಪು ಎದೆಯೆತ್ತರಕ್ಕೆ ನಿಂತಿತ್ತು. ಅಪ್ಪ ಬಲಗೈ ಚಾಚಿ ಅದನ್ನು ಹಿಡಿದರು. ಉಂಗುರ ಕಬ್ಬಿಣಕ್ಕೆ ತಾಗಿ ಟಣ್ ಎಂದಿತು. 'ಬಿಡು' ಎಂದರು. ರುದ್ರಸ್ವಾಮಿ ಬಿಟ್ಟ. ಒಂದು ನಿಮಿಷ, ಅಷ್ಟೂ ಇರಲಿಲ್ಲವೇನೋ, ಅಪ್ಪ ಆ ಪೈಪನ್ನು ಹಿಡಿದು ಯಾರ ಆಸರೆಯೂ ಇಲ್ಲದೆ ನಿಂತಿದ್ದರು. ಸುಂದರೇಶ ಆ ಕೈಯನ್ನೇ ನೋಡಿದ. ನರಗಳು ಎದ್ದು ಬಂದಿದ್ದವು. ಲಕ್ವ ಹೊಡೆದ ಮೇಲೆ ಅಪ್ಪ ನಿಂತದ್ದನ್ನು ಅವನು ನೋಡಿದ್ದು ಅದೇ ಮೊದಲು. ಆಮೇಲೆ ರುದ್ರಸ್ವಾಮಿ ತನ್ನ ಹೆಗಲ ಟವಲನ್ನು ಅವರ ಸೊಂಟಕ್ಕೆ ಸುತ್ತಿ, ಜಟಕಾದವರೆಗೂ ಎತ್ತಿ ತಂದು ಕೂರಿಸಿದ.

ಗೇಟು ತೆರೆದಿತ್ತು. ಜಟಕಾ ಹಳಿ ದಾಟಿ ಈಚೆಗೆ ಬಂದ ಮೇಲೆ ಅಪ್ಪ ಮಾತಾಡಿದರು. ಶಾರದ ಇಲ್ಲದಿದ್ದರಿಂದ ಕುದುರೆಯ ಬೆನ್ನಿಗೆ ಹೇಳಿದರು.

'ಶಾಮಣ್ಣನಿಗೇ ಕೊಡು.'

'ಅಪ್ಪ, ಶಾಮಣ್ಣ ಅಷ್ಟು ದೂರ...'

'ಎಲ್ಲಿ ಬೇಕಾದ್ರೂ ಹಾಕಲಿ. ಒಳಗೇ ಹಾಕಲಿ, ನಾನು ಹೇಳಿದೆ ಅಂತ ಹೇಳು.' ಎಡಗಡೆಯ ತುಟಿ ಸಹಕರಿಸದೆ ಮಾತು ತೊದಲಿತು; ಅವರು ನಿಲ್ಲಿಸಿ, ಬಾಯಿ ಒರೆಸಿಕೊಂಡು, ಮತ್ತೆ ಹೇಳಿದರು. 'ಆ ಮನುಷ್ಯ ಮಾತ್ರ ನಮ್ಮ ಮನೆಗೆ ಕಾಲಿಡಕೂಡದು.'

'ಯಾಕಪ್ಪ? ಅವನೊಬ್ಬನೇ ಅಲ್ಲವಾ ನಿಮ್ಮನ್ನ...'

'ಅದಕ್ಕೇ' ಎಂದರು ಅಪ್ಪ. ಸ್ವಲ್ಪ ದೂರ ಹೋದ ಮೇಲೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, 'ನೋಡಿದನಲ್ಲ. ದಿನಾ ಬೆಳಗಾದ್ರೆ ಅವನ ಮುಖ ಹೇಗೆ ನೋಡೋದು?' ಎಂದರು.

ಲಕ್ಷ್ಮೀಪುರಂನ ಮರಗಳ ನೆರಳು ಅಪ್ಪನ ಕೋಟಿನ ಮೇಲೆ ಹರಿದು ಹೋಗುತ್ತಿತ್ತು. ಸುಂದರೇಶನಿಗೆ ಆ ಮಾತು ತಕ್ಷಣ ನಾಟಲಿಲ್ಲ. ಕೃತಜ್ಞತೆ ಇಲ್ಲದ ಮುದುಕ ಎಂದು ಮೊದಲು ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಅವರ ಕಡೆ ತಿರುಗಿದ. ಅಪ್ಪ ತಟಕ್ಕನೆ ಮುಖ ಆಚೆ ತಿರುಗಿಸಿಕೊಂಡರು. ದಿನಾ ಬೆಳಿಗ್ಗೆ ತೋಳಿನಲ್ಲಿ ತಿರುಗಿಸಿಕೊಳ್ಳುವ ಹಾಗೆಯೇ. ಆಗ ಅವನಿಗೆ ತಿಳಿಯಿತು. ರುದ್ರಸ್ವಾಮಿ ನೋಡಿದ್ದು ಒಂದು ದಿನ. ತಾನು ಎಷ್ಟು ದಿನದಿಂದ ನೋಡುತ್ತಿದ್ದೇನೆ! ಗೋಡೆಯ ಕಡೆ ಮುಖ ಮಾಡಿದರೇನು, ಕೈ ನೋಡುತ್ತಿರಲಿಲ್ಲವೆ, ಮೂಗು ನೋಡುತ್ತಿರಲಿಲ್ಲವೆ? ಕೋಪವಲ್ಲ. ಸಂಧ್ಯಾವಂದನೆಯಲ್ಲ, ಸೈಟಲ್ಲ. ಮಗನಾದದ್ದರಿಂದ ಮನೆಯಿಂದ ಆಚೆ ಕಳಿಸುವಂತಿರಲಿಲ್ಲ, ಅಷ್ಟೇ. ಅದಕ್ಕೆ ಅವನ ಮುಖವನ್ನೇ ನೋಡದೆ ಬದುಕುವುದನ್ನು ಕಲಿತಿದ್ದರು. ತನ್ನ ತಪ್ಪುಗಳನ್ನೆಲ್ಲ ಎಣಿಸಿ ಸಮಾಧಾನಪಡುತ್ತಿದ್ದ ದಿನಗಳು ನೆನಪಾಗಿ ಅವನಿಗೆ ನಾಚಿಕೆಯಾಯಿತು, ದುಃಖವಾಯಿತು. ಅಪ್ಪನ ಒದ್ದೆ ಟವಲಿನ ಅಂಚನ್ನು ಹಿಡಿದುಕೊಂಡು ಕೂತ. ಅಗ್ರಹಾರ ಬಂತು, ಅವರನ್ನು ಎತ್ತಿಕೊಂಡು ಒಳಗೆ ಬಂದಾಗ ಬಾಗಿಲುಗಳು ಮುಚ್ಚಿಕೊಂಡವು.

ಶಾರದ ಟವಲನ್ನು ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ಕೊಟ್ಟಳು. ರೈಲ್ವೆ ಆಫೀಸಿನ ಎದುರಿನ ಕಾಫಿ ಹೋಟೆಲಿನಲ್ಲಿ ರುದ್ರಸ್ವಾಮಿ ಅದನ್ನು ಮೂಸಿ, 'ಸೋಪಾಕ್ಬುಟ್ಟವ್ರೆ ಅಮ್ಮಾರು' ಎಂದು ನಕ್ಕು ಹೆಗಲಿಗೆ ಹಾಕಿಕೊಂಡ. ಯಜಮಾನ್ರು ಹೆಂಗವ್ರೆ ಎಂದು ಕೇಳಿದ. ಸೋಮವಾರದಿಂದ ಆಳು ಕರ್ಕೊಂಡು ಬತ್ತೀನಿ, ಪೈಪು ನೋಡಿ ಇಟ್ಟಿವ್ನಿ ಎಂದ. ಸುಂದರೇಶ ಕಾಫಿಗೆ ಕೈ ಹಾಕಲಿಲ್ಲ. ಹಳೆಯ ಪರಿಚಯ, ಹಿರಿಯರ ಮಾತು, ಶಾಮಣ್ಣನಿಗೆ ಮೊದಲೇ ಹೇಳಿಯಾಗಿತ್ತು ಎಂದೆಲ್ಲ ತಡವರಿಸಿದ. ರುದ್ರಸ್ವಾಮಿಯ ನಗು ನಿಧಾನವಾಗಿ ಇಳಿಯಿತು. ಅವನು ಲೋಟ ಕೆಳಗಿಟ್ಟ.

'ನಾನು ಮುಟ್ಟಿದ್ದಕ್ಕಾ ಸಾರ್?'

ಅಲ್ಲ ಎಂದು ಹೇಳಬಹುದಾಗಿತ್ತು. ಅಲ್ಲ ಎಂದರೆ ಮತ್ತೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಎಪ್ಪತ್ತು ವರ್ಷ ಕೋಟಿನ ಗುಂಡಿ ಬಿಚ್ಚದವರು ನಿನ್ನ ಕಣ್ಣಿಗೆ ಹೆದರಿದ್ದಾರೆ ಎಂದು ಈ ಹೋಟೆಲಿನಲ್ಲಿ, ಈ ಜನದ ನಡುವೆ, ಅವರನ್ನು ಇನ್ನೊಂದು ಸಲ ಬಿಚ್ಚಿ ನಿಲ್ಲಿಸಬೇಕಾಗುತ್ತಿತ್ತು. ಹಳೆಯ ಕಾಲದ ಬ್ರಾಹ್ಮಣ, ಮೈಲಿಗೆಗೆ ಅಂಜಿದ ಎಂದುಕೊಂಡರೆ ಅಪ್ಪನಿಗೆ ಅದರಿಂದ ನಷ್ಟವಿಲ್ಲ. ಅಂಥ ಮುದುಕರನ್ನು ಊರು ಬೇಕಾದಷ್ಟು ನೋಡಿದೆ. ನಷ್ಟವೆಲ್ಲ ಎದುರಿಗೆ ಕೂತವನಿಗೆ. ಇಷ್ಟೂ ಸ್ಪಷ್ಟವಾಗಿ ಹೊಳೆದ ಮೇಲೆ ಸುಂದರೇಶ, 'ಹಿರಿಯರು... ಮಡಿ ಗಿಡಿ ಅಂತ... ನಾವೇನು ಮಾಡೋ ಹಾಗಿಲ್ಲ' ಎಂದ.

'ನಾವೂ ಲಿಂಗ ಕಟ್ಟಿರೋ ಜನ ಸಾರ್' ಎಂದ ರುದ್ರಸ್ವಾಮಿ. ಅವನ ದೊಡ್ಡ ಗಂಟಲು ಎಲ್ಲಿಯೋ ಹೋಗಿತ್ತು. 'ನಾನು ಅವತ್ತು ಮನೆಗೋಗಿ ತಲೆ ಮೇಲೆ ನೀರು ಹುಯ್ಕೊಳ್ನಿಲ್ಲ. ಅಂಗೇ ಉಂಡು ಮಲಿಕ್ಕೊಂಡೆ. ನಮ್ಮಪ್ಪನ್ನ ಎತ್ಕೊಂಡಂಗೆ ಆಗಿತ್ತು.' ಹೆಗಲ ಮೇಲಿನ ಟವಲನ್ನು ತೆಗೆದು ಮೇಜಿನ ಮೇಲೆ ಇಟ್ಟು, 'ಇದೂ ಇರ್ಲಿ ಬುಡಿ' ಎಂದು ಎದ್ದುಹೋದ. ಮೇಜಿನ ಮೇಲೆ ಟವಲು ನಾಲ್ಕು ಮಡಿಕೆಯಾಗಿ ಹಾಗೇ ಇತ್ತು. ಸುಂದರೇಶ ಆಫೀಸಿಗೆ ಹೋಗಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದ. ತಾನು ಮಾಡಿದ್ದು ಸರಿಯಲ್ಲ ಎಂದು ಗೊತ್ತಿತ್ತು. ಎದ್ದು ಹೋಗಿ ಸರಿ ಮಾಡುವುದಿಲ್ಲ ಎಂದೂ ಗೊತ್ತಿತ್ತು.

ಕಕ್ಕಸು ಒಳಗೇ ಆಗಲಿ ಎಂದಾಗ ಶಾಮಣ್ಣ ಎರಡು ಸಲ ಕೇಳಿದ, ಯಜಮಾನರೇ ಹೇಳಿದರಾ ಎಂದು. ಆಮೇಲೆ ಒಪ್ಪಿಕೊಂಡು ಕೆಲಸ ಹಿಡಿದ. ಅಪ್ಪನ ಕೋಣೆಯ ಮೂಲೆಯಲ್ಲಿ ಬಾಗಿಲು ಒಡೆದು, ಅಲ್ಲಿಗೇ ಅಂಟಿದಂತೆ ಕಕ್ಕಸು ಎದ್ದಿತು. ಗಾರೆ ಮುಗಿಯುವ ಮುಂಚೆ ಸುಂದರೇಶ ಹೋಗಿ, ಮಂಚ ಬರುವ ಜಾಗದಿಂದ ಒಳಗಿನವರೆಗೂ ಎರಡು ಕಡೆಯ ಗೋಡೆಗೂ ಸೊಂಟದೆತ್ತರಕ್ಕೆ ಪೈಪು ಹಾಕಬೇಕು, ಹೋಗುವಾಗ ಬಲಗೈಗೆ ಒಂದು, ಬರುವಾಗ ಬಲಗೈಗೆ ಇನ್ನೊಂದು, ಎಂದ.

'ಇದಕ್ಕೆ ನೀರು ಎಲ್ಲಿಂದಪ್ಪ ಕೊಡ್ಲಿ?' ಎಂದ ಶಾಮಣ್ಣ.

'ನೀರು ಬೇಡ.'

'ನೀರು ಬೇಡದ ಪೈಪೇ? ಹಲ್ಲು ಬೀಳೋ ತನಕ ಪೈಪು ಹಾಕಿದೀನಿ, ಇಂಥದ್ದು ಯಾರೂ ಕೇಳ್ಲಿಲ್ಲ' ಎಂದು ನಗಲು ಹೊರಟವನು ಸುಂದರೇಶನ ಮುಖ ನೋಡಿ ನಿಂತ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದ. ಬಹಳ ಹೊತ್ತು ಒರೆಸಿದ. 'ಅವತ್ತು ನಾನು ಆ ಕಡೆ ತಿರುಗಿಕೊಂಡುಬಿಟ್ಟೆ ಕಣಪ್ಪ. ಅದೇ ಮರ್ಯಾದೆ ಅಂದ್ಕೊಂಡೆ. ಆ ಹುಡುಗ ಹೋಗಿ ಎತ್ತಿದ. ಕೆಲಸ ನೋಡಿದ್ರೆ ನನಗೆ ಸಿಕ್ಕಿತು' ಎಂದ. ಸುಂದರೇಶ ಪೈಪು ಬರುವ ಗೋಡೆಯನ್ನು ಅಂಗೈಯಿಂದ ಒತ್ತಿ ನೋಡಿ, ಮೈಭಾರ ತಡೆಯುವಷ್ಟು ಗಟ್ಟಿಯಾಗಿ ಕೂರಬೇಕು ಎಂದಷ್ಟೇ ಹೇಳಿದ.

ಶ್ರಾವಣದಲ್ಲಿ ಗೃಹಪ್ರವೇಶವಾಯಿತು. ಬಂದವರೆಲ್ಲ ಆ ಪೈಪುಗಳನ್ನು ನೋಡಿ ಬಟ್ಟೆ ಒಣಹಾಕುವುದಕ್ಕೆ ಎಂದುಕೊಂಡರು. ಅಂಬುಜಮ್ಮ ತಮ್ಮ ಒದ್ದೆ ಕೈವಸ್ತ್ರವನ್ನು ಒಂದರ ಮೇಲೆ ಹರವಿಯೂ ಹರವಿದರು. ಅಪ್ಪ ರುಮಾಲು ಕೋಟು ತೊಟ್ಟು ಮಂಚದ ಮೇಲೆ ಕೂತು ಎಲ್ಲರ ನಮಸ್ಕಾರ ತೆಗೆದುಕೊಂಡರು. ಪೈಪಿನ ವಿಷಯ ಯಾರೂ ಅವರಿಗೆ ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಸಂಜೆ ಕೊನೆಯ ನೆಂಟರನ್ನು ಕಳಿಸಲು ಬೀದಿಗೆ ಬಂದಾಗ ಎರಡು ಮನೆ ಆಚೆ, ಹೊಸ ಪಾಯದ ಹತ್ತಿರ, ರುದ್ರಸ್ವಾಮಿ ಸೈಕಲ್ಲಿಗೆ ಪೈಪಿನ ತುಂಡುಗಳನ್ನು ಕಟ್ಟುತ್ತಿದ್ದ. ಸುಂದರೇಶ ಕೈ ಎತ್ತಿದ. ರುದ್ರಸ್ವಾಮಿ ಕಂಡೂ, ಗೋಡೆಯ ಕಡೆ ತಿರುಗಿ ಹಗ್ಗದ ಗಂಟು ಬಿಗಿಯತೊಡಗಿದ. ಅಗ್ರಹಾರದ ಬಾವಿಯ ಹತ್ತಿರ ಜನ ತಿರುಗಿಕೊಳ್ಳುತ್ತಿದ್ದ ಹಾಗೆಯೇ ಇತ್ತು ಅದು. ಅಪ್ಪ ಪ್ರತಿದಿನ ಏನನ್ನು ತಡೆದುಕೊಂಡರು ಎಂದು ಸುಂದರೇಶನಿಗೆ ಆಗ ಮೈಯಲ್ಲಿ ತಿಳಿಯಿತು.

ಮಾರನೆಯ ಬೆಳಿಗ್ಗೆ ಅಭ್ಯಾಸದಂತೆ ಎಚ್ಚರವಾಯಿತು. ಪಂಚೆಯನ್ನು ಮೇಲಕ್ಕೆ ಕಟ್ಟಿ, ತೋಳು ನೀವಿಕೊಳ್ಳುತ್ತಾ ಅಪ್ಪನ ಕೋಣೆಯ ಹತ್ತಿರ ಬಂದವನು ಹೊಸ್ತಿಲಿಗೆ ಈಚೆಯೇ ನಿಂತ. ಬಾಗಿಲು ಓರೆಯಾಗಿತ್ತು. ಒಳಗೆ ಟಣ್ ಎಂದಿತು. ಉಂಗುರ. ಕಾಲು ಎಳೆಯುವ ಸದ್ದು. ಮತ್ತೆ ಟಣ್. ಮತ್ತೆ ಕಾಲು. ಗೋಡೆಗುಂಟ ಸದ್ದು ನಿಧಾನವಾಗಿ ದೂರ ಹೋಗುತ್ತಿತ್ತು. ನಡುವೆ ಎಲ್ಲಿಯೋ ನಿಂತುಹೋಯಿತು. ದೊಡ್ಡದಾಗಿ ಉಸಿರು ಬಿಡುವುದು ಕೇಳಿಸಿತು. ಬಿದ್ದರೆ? ಸುಂದರೇಶನ ತೋಳುಗಳು ತಾವಾ‌ಗಿಯೇ ಮುಂದಕ್ಕೆ ಚಾಚಿಕೊಂಡವು. ಅಡುಗೆಮನೆಯಿಂದ ಶಾರದ ಗಾಬರಿಯಾಗಿ ಓಡಿ ಬಂದಳು. ಅವನು ಕೈ ಅಡ್ಡ ಹಿಡಿದು ಅವಳನ್ನು ತಡೆದ. ಹೋಗಬೇಕು, ಹೋಗಬಾರದು. ಹೊರಗೆ ಬೀದಿಯಲ್ಲಿ ಹಾಲಿನವನ ಸೈಕಲ್ಲು ಹೋಯಿತು. ಆಮೇಲೆ ಟಣ್. ಕಾಲು. ಟಣ್. ಬಾಗಿಲ ಕೀಲು ಕಿರುಗುಟ್ಟಿತು. ಒಂದು ಗಳಿಗೆ ಏನೂ ಇಲ್ಲ. ಬಳಿಕ ಒಳಗಿನಿಂದ, ಹೊಸ ಚಿಲಕ ಎರಡು ಸಲ ತಡವರಿಸಿ ಮೂರನೆಯ ಸಲಕ್ಕೆ ಸರಿದು ಕೂತ ಸದ್ದು.

ಸುಂದರೇಶ ಗೋಡೆಗೆ ಒರಗಿ ಕೂತ. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಬೇಕೆಂದು ತೋರಲಿಲ್ಲ. ಕೈಗಳು ಖಾಲಿಯಾಗಿ ಮಡಿಲಲ್ಲಿ ಬಿದ್ದಿದ್ದವು.

'ಏನ್ರೀ? ಏನಾಯ್ತು?' ಎಂದು ಶಾರದ ಪಿಸುದನಿಯಲ್ಲಿ ಕೇಳಿದಳು.

'ಏನಿಲ್ಲ' ಎಂದ. 'ಅಪ್ಪ ಬಾಗಿಲು ಹಾಕಿಕೊಂಡರು.'